ನೆಲ್ಲಿನ ಖೋಲಿಯಲ್ಲಿ ಸ್ಪೀಕರು

ತಪ್ಪು ಸ್ಪೀಕರಿನದೋ, ತನ್ನ ಕಿವಿಯದೋ? ಅಥವಾ ಹೋದ ತಿಂಗಳು ಕೇಳಿಸಿಕೊಂಡದ್ದೇ ಸುಳ್ಳೋ?

ಆದಪ್ಪ ಕ್ಯಾಸೆಟ್ಟನ್ನು ಮತ್ತೆ ಮೊದಲಿಗೆ ಸುತ್ತಿಸಿದ. ತಂಬೂರಿ ಶುರುವಾಯಿತು. ಹಾಡುವವನು ಇನ್ನೂ ಬಾಯಿ ತೆರೆದಿರಲಿಲ್ಲ, ಆಗಲೇ ನಾಲ್ಕೂ ಗೋಡೆಗಳು ಗುಂಯ್ ಎನ್ನತೊಡಗಿದವು. ಬಾಯಿ ತೆರೆದ ಮೇಲಂತೂ ಒಬ್ಬನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ ಹಾಡಿದಂತಾಯಿತು. ಎಲ್ಲರೂ ಸೇರಿ ನೀರಿಲ್ಲದ ಬಾವಿಗಿಳಿದು ಹಾಡುತ್ತಿದ್ದರು. ಇದೇ ಕ್ಯಾಸೆಟ್ಟು, ಇದೇ ಸ್ಪೀಕರುಗಳು, ಇದೇ ಖೋಲಿ. ಹೋದ ತಿಂಗಳು ಆ ಹಾಡುಗಾರ ಎದುರಿಗೇ ಚಾಪೆ ಹಾಸಿಕೊಂಡು ಕೂತು ಹಾಡಿದಂತಿತ್ತು. ಅವನು ಉಸಿರೆಳೆದುಕೊಂಡದ್ದು ಕೇಳಿಸಿತ್ತು. ಒಂದು ಸ್ವರ ಮುಗಿದು ಇನ್ನೊಂದು ಹುಟ್ಟುವ ನಡುವೆ ಇರುವ ಮೌನ ಕೇಳಿಸಿತ್ತು. ಆದಪ್ಪನಿಗೆ ಬೇಕಾಗಿದ್ದದ್ದು ಆ ಮೌನವೇ. ಅದು ಎಲ್ಲಿಗೆ ಹೋಯಿತು?

ಹೊರಗಿನಿಂದ ಹೆಂಡತಿ ಅಮರಮ್ಮ ಕೂಗಿದಳು: “ಏನ್ರೀ, ಖೋಲ್ಯಾಗ ಎಷ್ಟು ಮಂದಿ ಕುಂತಾರ? ಚಾ ಎಷ್ಟು ಕಪ್ಪು ಮಾಡ್ಲಿ?”

ಆದಪ್ಪ ಗುಂಡಿ ಒತ್ತಿ ಹಾಡು ನಿಲ್ಲಿಸಿದ. ನಿಲ್ಲಿಸಿದ ಮೇಲೂ ಗೋಡೆಗಳು ಸ್ವಲ್ಪ ಹೊತ್ತು ಮಾತಾಡಿ ಆಮೇಲೆ ಸುಮ್ಮನಾದವು.

ಸಿಂಧನೂರಿನ ಆ ಮನೆಯಲ್ಲಿ ಸುಮ್ಮನಿರುವವನು ಅವನೊಬ್ಬನೇ. ಅಣ್ಣ ಗದ್ದೆಪ್ಪ ಮುಕ್ಕುಂದದಲ್ಲಿದ್ದ ಹೊಲ ನೋಡಿಕೊಳ್ಳುತ್ತಿದ್ದ. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಕೂಗಿ ಕೂಗಿ ಅವನಿಗೆ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿತ್ತು. ಪಕ್ಕದಲ್ಲಿ ಕೂತು ಉಣ್ಣುವವನಿಗೂ ಕಾಲುವೆಯ ಆಚೆ ದಂಡೆಯಿಂದಲೇ ಉಪ್ಪು ಕೇಳುತ್ತಿದ್ದ. ಅಂಗಳದಲ್ಲಿ ಸದಾ ಟ್ರ್ಯಾಕ್ಟರು, ಹಮಾಲರು, ಮಿಲ್ಲಿನ ಕಡೆಯವರು, ದಲಾಲಿಗಳು. ಆದಪ್ಪ ಲಿಂಗಸುಗೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಊರ ಸೊಸೈಟಿಯಲ್ಲಿ ಗೊಬ್ಬರದ ಚೀಟಿ ಬರೆಯುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಅವನನ್ನು ಓದಿಸಿದ್ದು ಅಣ್ಣನೇ. ಇಬ್ಬರ ನಡುವೆ ಬೀಜ, ಗೊಬ್ಬರ, ಕಾಲುವೆ ನೀರು, ಇಷ್ಟರ ಮಾತು ಮುಗಿದರೆ ಬೇರೆ ಮಾತು ಇರಲಿಲ್ಲ. ಜಗಳವೂ ಇರಲಿಲ್ಲ.

ಕಾಲೇಜಿನ ದಿನಗಳಲ್ಲಿ ಒಮ್ಮೆ ಲೆಕ್ಚರರೊಬ್ಬರ ಮನೆಯಲ್ಲಿ ಅವನು ಬಾಗಿಲು ಮುಚ್ಚಿದ ಖೋಲಿಯಲ್ಲಿ ಒಂಟಿಯಾಗಿ ಕೂತು ಒಳ್ಳೆಯ ಸ್ಪೀಕರುಗಳಲ್ಲಿ ಹಾಡು ಕೇಳಿದ್ದ. ಲೆಕ್ಚರರು ತರಕಾರಿ ತರಲು ಹೋಗಿದ್ದರು. ಆ ಒಂದು ಗಂಟೆ ಅವನ ಮನಸ್ಸಿನಿಂದ ಹೋಗಲೇ ಇಲ್ಲ. ತನಗೂ ಅಂಥದೊಂದು ಖೋಲಿ ಬೇಕು. ಬಾಗಿಲು ಹಾಕಿಕೊಂಡರೆ ಒಳಗೆ ಹಾಡು, ತಾನು. ಬೇರೆ ಯಾರೂ ಬೇಡ.

ಮನೆಯಲ್ಲಿ ಅಂಥ ಖೋಲಿ ಎಂದರೆ ರಸ್ತೆ ಕಡೆಗಿದ್ದ ನೆಲ್ಲಿನ ಖೋಲಿ ಒಂದೇ. ಸುಗ್ಗಿ ಮುಗಿದ ಮೇಲೆ ಒಳ್ಳೆ ರೇಟು ಬರುವತನಕ ಭತ್ತದ ಚೀಲಗಳನ್ನು ಅಲ್ಲಿ ಒಟ್ಟುತ್ತಿದ್ದರು. ಡಿಸೆಂಬರಿನಲ್ಲಿ ಆದಪ್ಪ ಧೈರ್ಯ ಮಾಡಿ ಲಿಂಗಸುಗೂರಿನ ಚಾಂದ್‌ಪಾಷಾನ ಅಂಗಡಿಯಿಂದ ಒಂದು ಜೊತೆ ಕಂಪನಿ ಸ್ಪೀಕರುಗಳನ್ನು ತಂದ. ಚಾಂದ್‌ಪಾಷಾ ರೇಡಿಯೋ, ಟೇಪು ಮಾರುವ ಹಳೆಯ ವ್ಯಾಪಾರಿ. ಮನೆಗೆ ಒಯ್ದು ಕೇಳಿ ನೋಡು, ಪಸಂದ್ ಬಂದರೆ ಇಟ್ಟುಕೋ, ಇಲ್ಲದಿದ್ದರೆ ವಾಪಸು ತಾ ಎಂಬುದು ಅವನ ಪದ್ಧತಿ. ಪ್ಲಗ್ಗು ಇದ್ದದ್ದು ನೆಲ್ಲಿನ ಖೋಲಿಯಲ್ಲಿ. ಅಲ್ಲೇ ಚೀಲಗಳ ಮೇಲೆ ಎರಡನ್ನೂ ಇಟ್ಟು, ಚೀಲಗಳ ನಡುವಿನ ಸಂದಿಯಲ್ಲಿ ಕಾಲು ಮಡಚಿ ಕೂತು ಕೇಳಿದ. ಕಣ್ಣಲ್ಲಿ ನೀರು ಬಂತು.

ಇಲಿ ಹೊಕ್ಕಿವೆಯೋ ನೋಡಲು ಬಂದ ಗದ್ದೆಪ್ಪ ಬಾಗಿಲಲ್ಲೇ ನಿಂತುಬಿಟ್ಟ.

“ಲೇ ಆದಪ್ಪ, ಈತ ಯಾವೂರಾವ? ಇಲ್ಲೇ ಕುಂತಾನಲ್ಲೋ!”

“ಇಲ್ಲೇ ಕುಂತಾನಣ್ಣ. ಹಾಡು ಕೇಳಾಕ ನನಗ ಈ ಖೋಲಿ ಬೇಕಿತ್ತು.”

ಗದ್ದೆಪ್ಪ ತಮ್ಮನ ಮುಖ ನೋಡಿದ. ಅವನು ಹುಟ್ಟಿದಾಗಿನಿಂದ ತನಗೆ ಇಂಥದ್ದು ಬೇಕೆಂದು ಕೇಳಿದ್ದಿಲ್ಲ.

“ತಗೋ. ಸಂಕ್ರಾಂತಿಗೆ ನೆಲ್ಲು ಮಿಲ್ಲಿಗೆ ಹೋಗ್ತಾವ, ಖೋಲಿ ನಿಂದು. ಆದ್ರ ಒಂದು ಮಾತು. ಬ್ಯಾಸಿಗಿ ಬೆಳಿ ಬರೋತನಕ ನೋಡ್ತೀನಿ. ಇವ ಹಿಂಗ ಎದುರಿಗೆ ಕುಂತು ಹಾಡಿದ್ರ ಖೋಲಿ ಕಾಯಂ ನಿಂದು. ಇಲ್ಲಾಂದ್ರ ಮತ್ತ ನೆಲ್ಲಿಗೆ. ಸುಮ್ಮನ ಖಾಲಿ ಇಡಾಕ ಬರಂಗಿಲ್ಲ.”

ಸಂಕ್ರಾಂತಿ ಮುಗಿದು ಭತ್ತ ಮಿಲ್ಲಿಗೆ ಹೋಯಿತು. ಆದಪ್ಪ ಖೋಲಿಯನ್ನು ಗುಡಿಸಿದ, ಗೋಡೆಗೆ ಸುಣ್ಣ ಹೊಡೆಸಿದ, ನೆಲದ ಶಹಾಬಾದ್ ಕಲ್ಲನ್ನು ಮುಖ ಕಾಣುವ ಹಾಗೆ ತಿಕ್ಕಿಸಿದ. ಸ್ಪೀಕರುಗಳಿಗೆ ಎರಡು ಸ್ಟೂಲು, ಎದುರಿಗೆ ಒಂದು ಬೆತ್ತದ ಕುರ್ಚಿ.

“ಒಂದ ಕುರ್ಚಿ?” ಎಂದಳು ಅಮರಮ್ಮ.

“ಸದ್ಯಕ್ಕ” ಎಂದ ಆದಪ್ಪ.

ಆ ಕುರ್ಚಿಯಲ್ಲಿ ಕೂತು ಅವನು ಕೇಳಿದ್ದೇ ಬಾವಿಯೊಳಗಿನ ಹಾಡನ್ನು.

ಮುಂದಿನ ರವಿವಾರ ಸ್ಪೀಕರುಗಳನ್ನು ಕೌದಿಯಲ್ಲಿ ಸುತ್ತಿ ಲಿಂಗಸುಗೂರಿನ ಬಸ್ಸು ಹತ್ತಿದ. ಒಂದನ್ನು ತೊಡೆಯ ಮೇಲೆ, ಇನ್ನೊಂದನ್ನು ಪಕ್ಕದ ಸೀಟಿನಲ್ಲಿ ಇಟ್ಟುಕೊಂಡ.

“ಇವರಿಗೆ ಪೂರಾ ಟಿಕೇಟೋ ಅರ್ಧ ಟಿಕೇಟೋ?” ಎಂದ ಕಂಡಕ್ಟರು. “ಮುಖ ಮುಚ್ಕೊಂಡು ಕುಂತಾರಲ್ಲ, ವಯಸ್ಸು ತಿಳಿಯವಲ್ದು.”

ಚಾಂದ್‌ಪಾಷಾ ಅಂಗಡಿಯ ಮುಂದಿನ ಕಟ್ಟೆಯ ಮೇಲೇ ಎರಡನ್ನೂ ಇಟ್ಟು ಹಾಡು ಹಚ್ಚಿದ. ಬಯಲಿನಲ್ಲಿ ಹಾಡು ಸ್ವಚ್ಛವಾಗಿ ಹೊರಟು ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಸೇರಿಹೋಯಿತು. ಗುಂಯ್ ಇಲ್ಲ, ಬಾವಿ ಇಲ್ಲ.

“ನೋಡ್ರಿ ಆದಪ್ಪನೋರೆ, ಮಾಲಿನೊಳಗ ಖೋಟ್ ಇಲ್ಲ. ಖೋಟ್ ಇದ್ರ ನಿಮ್ಮ ಮನಿ ಕರೆಂಟಿನ್ಯಾಗ.”

“ನಮ್ಮ ಮನ್ಯಾಗ ಬ್ಯಾರೆ ಕೇಳ್ತೈತಿ ಭಾಯಿ.”

“ಹಂಗಾದ್ರ ಬಿಟ್ಟು ಹೋಗ್ರಿ. ಕನ್ಯಾ ನೋಡಾಕ ಬಂದೋರೆಲ್ಲ ಮದಿವಿ ಆಗ್ತಾರೇನು? ಚಾ ಕುಡಿರಿ ಮೊದಲು.”

ಚಾ ಕುಡಿದು ಆದಪ್ಪ ಬರಿಗೈಯಲ್ಲಿ ತಿರುಗಿ ಹೊರಟ. ಮಧ್ಯದಲ್ಲಿ ಮಸ್ಕಿ ಬಂತು. ಏನು ಅನ್ನಿಸಿತೋ, ಬಸ್ಸು ನಿಂತಾಗ ಇಳಿದುಬಿಟ್ಟ. ಅವನ ಮದುವೆಗೆ ಮೈಕ್‌ಸೆಟ್ಟು ಹಾಕಿದ್ದ ಮೌಲಾಹುಸೇನ ಮಸ್ಕಿಯವನು. ಗುಡ್ಡದ ಕೆಳಗೆ ಅವನ ಅಂಗಡಿ. ಮೈಕಿನ ಕೆಲಸವಿಲ್ಲದಾಗ ಹಳೆ ಬಾಗಿಲುಗಳ ಸಾಗುವಾನಿ ಹಲಗೆ ಕೊಂಡು ತಾನೇ ಸ್ಪೀಕರ್ ಪೆಟ್ಟಿಗೆ ಮಾಡುತ್ತಾನೆಂದು ಆದಪ್ಪ ಕೇಳಿದ್ದ.

ಮೌಲಾಹುಸೇನ ಅವನ ಕೈ ಹಿಡಿದು ಒಳಗೆ ಎಳೆದುಕೊಂಡ. “ಬರ್ರಿ ಆದಪ್ಪಣ್ಣ! ನಿಮ್ಮ ಮದಿವ್ಯಾಗ ನನ್ನ ಮೈಕು ಒಂದ ಸಲ ಕುಂಯ್ ಅಂತೇನು? ಹೇಳ್ರಿ! ಅಂದಿಲ್ಲ. ಕೂಡ್ರಿ, ಗಾದಿ ಮ್ಯಾಲ ಕೂಡ್ರಿ.”

ಅಂಗಡಿಯ ಅರ್ಧ ಅವನದು, ಇನ್ನರ್ಧ ಹತ್ತಿ ಹಿಂಜಿ ಗಾದಿ ತುಂಬುವ ಅವನ ಅಣ್ಣನದು. ಹೊಲಿದ ಗಾದಿಗಳು ಮಾಳಿಗೆ ಮುಟ್ಟುವಂತೆ ಒಟ್ಟಿದ್ದವು. ಮೂಲೆಯಲ್ಲಿ ಹಿಂಜಿದ ಹತ್ತಿ ಬೆಳ್ಳಗೆ ಬಿದ್ದಿತ್ತು. ಮೌಲಾಹುಸೇನ ತನ್ನ ಕೈಯಾರೆ ಮಾಡಿದ ಒಂದು ಜೊತೆ ಪೆಟ್ಟಿಗೆಗಳಿಗೆ ತಂತಿ ಸಿಕ್ಕಿಸಿ, ಆದಪ್ಪನ ಜೇಬಿನಲ್ಲಿದ್ದ ಕ್ಯಾಸೆಟ್ಟನ್ನು ಇಸಿದುಕೊಂಡು ಹಾಕಿದ.

ತಂಬೂರಿ ಮಿಡಿಯಿತು. ಹಾಡುಗಾರ ಉಸಿರೆಳೆದುಕೊಂಡ. ಆದಪ್ಪ ಗಾದಿಯ ಮೇಲೆ ಹಾಗೆಯೇ ಕೂತ. ಕಳೆದುಹೋದದ್ದು ಮಸ್ಕಿಯಲ್ಲಿ ಇತ್ತು.

“ಇಂಥವ ಒಂದು ಜೊತಿ ಮಾಡಿಕೊಡು” ಎಂದ.

“ಇವನ್ನ ಒಯ್ರಿ! ನಿಮಗ ಇಲ್ಲಾಂದ್ರ ಯಾರಿಗೆ? ಶುಕ್ರವಾರ ನಮಾಜ್ ಮುಗಿಸಿ ನಾನ ತಂದು ಕೂಡಿಸಿ ಕೊಡ್ತೀನಿ. ನಿಮ್ಮಣ್ಣ ಎದ್ದು ಕುಣೀಬೇಕು, ಹಂಗ.”

ಶುಕ್ರವಾರ ಮೌಲಾಹುಸೇನ ಬಂದ. ಸ್ಟೂಲುಗಳ ಮೇಲೆ ಪೆಟ್ಟಿಗೆ ಕೂಡಿಸಿದ. ಗದ್ದೆಪ್ಪನನ್ನು ಕರೆಸಿ ಬೆತ್ತದ ಕುರ್ಚಿಯಲ್ಲಿ ಕೂಡಿಸಿದ. “ಈಗ ಕೇಳ್ರಿ” ಎಂದು ಗುಂಡಿ ಒತ್ತಿದ.

ಹಾಡುಗಾರರೆಲ್ಲ ಒಟ್ಟಿಗೆ ಬಾವಿಗೆ ಇಳಿದರು.

ಮೌಲಾಹುಸೇನನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. “ಯಾ ಅಲ್ಲಾ! ಇವು ನನ್ನ ಬಾಕ್ಸ ಅಲ್ಲ!”

“ಮತ್ತ ಯಾರವಲೇ? ದಾರ್ಯಾಗ ಬದಲಿ ಆದ್ವೇನು?” ಎಂದ ಗದ್ದೆಪ್ಪ.

ಮೌಲಾಹುಸೇನ ಪೆಟ್ಟಿಗೆಗಳನ್ನು ಮೂಲೆಗೆ ಸರಿಸಿದ, ಮೂಲೆಯಿಂದ ತಂದ. ತಂತಿ ಅದಲುಬದಲು ಮಾಡಿದ. ಇಟ್ಟಿಗೆ ಮೇಲೆ ಇಟ್ಟ. ಹಿಂದಿನ ಹಲಗೆ ಬಿಚ್ಚಿ, ಒಳಗೆ ತಲೆ ಹಾಕಿ, ತನ್ನ ಪೆಟ್ಟಿಗೆಯನ್ನು ತಾನೇ ಬೈದ. ಬಾಗಿಲಲ್ಲಿ ನಿಂತಿದ್ದ ಅಮರಮ್ಮ ಸೆರಗು ಬಾಯಿಗಿಟ್ಟುಕೊಂಡು, “ಮೌಲಾ, ಹಾಡು ಬಾವ್ಯಾಗ ಬಿದ್ದೈತಿ. ಪಾತಾಳಗರಡಿ ತರ್ಲೇನು, ಎಳ್ಕೊಂಡು ತೆಗಿಯಾಕ?” ಎಂದಳು.

“ನಗಬ್ಯಾಡ ಅಕ್ಕ. ನನ್ನ ಇಜ್ಜತ್ ಹೊಂಟೈತಿ ಇಲ್ಲಿ.”

ಅವನು ಸೋಲು ಒಪ್ಪುವವನಲ್ಲ. ಸಂತೆಗೆ ಬಂದಾಗಲೆಲ್ಲ ಬಂದ. ಒಮ್ಮೆ ದಪ್ಪ ದನಿಯ ಹೊಸ ವೂಫರು ತಂದ, ಒಮ್ಮೆ ದಪ್ಪ ತಂತಿ ತಂದ. ಖೋಲಿ ಮಾತ್ರ ತನ್ನ ಗುಂಯ್ ಬಿಡಲಿಲ್ಲ. ಗದ್ದೆಪ್ಪ ಉಣ್ಣಲು ಕೂತಾಗೆಲ್ಲ ಕೇಳುತ್ತಿದ್ದ: “ಏನಪ, ನಿನ್ನ ಹಾಡುಗಾರ ಇನ್ನೂ ದಾರ್ಯಾಗ ಅದಾನೇನು? ಬಸ್ಸು ಸಿಗಲಿಲ್ಲೇನು ಅವಗ?” ಆದಪ್ಪ ರೊಟ್ಟಿ ಮುರಿಯುತ್ತಿದ್ದ. ಖೋಲಿ ಕೈಬಿಟ್ಟು ಹೋಗುತ್ತಿದೆ ಎಂಬುದು ಅವನಿಗೆ ತಿಳಿಯುತ್ತಿತ್ತು. ಸೊಸೈಟಿಯಲ್ಲಿ ಚೀಟಿ ಬರೆಯುವಾಗ ಕೈ ತಡೆದು ಯೋಚಿಸುತ್ತಿದ್ದ. ಡಿಸೆಂಬರಿನಲ್ಲಿ ಕೇಳಿದ್ದು ನಿಜ. ಮಸ್ಕಿಯಲ್ಲಿ ಕೇಳಿದ್ದೂ ನಿಜ. ಹಾಗಾದರೆ ಸುಣ್ಣ ಹೊಡೆಸಿ, ಕಲ್ಲು ತಿಕ್ಕಿಸಿ, ಇಷ್ಟು ಚಂದ ಮಾಡಿದ ಮೇಲೆ ಏನು ಕೆಟ್ಟಿತು?

ಮೇ ತಿಂಗಳಲ್ಲಿ ಬೇಸಿಗೆ ಬೆಳೆ ಬಂತು.

ಆ ಮಧ್ಯಾಹ್ನ ಮೌಲಾಹುಸೇನ ಕೊನೆಯ ಪ್ರಯತ್ನವೆಂದು ಬಂದಿದ್ದ. ಪೆಟ್ಟಿಗೆಯ ಹಿಂದೆ ಬೋರಲು ಬಿದ್ದು ಸ್ಕ್ರೂ ತಿರುಗಿಸುತ್ತಿದ್ದ. ಟೇಪು ತನ್ನ ಪಾಡಿಗೆ ತಾನು ಬಾವಿಯೊಳಗೆ ಹಾಡುತ್ತಿತ್ತು. ಹೊರಗೆ ಬಿಸಿಲು ಒಮ್ಮೆಲೇ ಮಂಕಾಯಿತು. ಬಡಗಣ ಕಡೆ ಕರ್ರಗೆ ಮೋಡ ಎದ್ದು, ಗಾಳಿ ಬೀದಿಯ ಧೂಳನ್ನೆಲ್ಲ ಬಾಗಿಲಿಗೆ ತಂದು ಎರಚಿತು. ಅದರ ಹಿಂದೆಯೇ ಟ್ರ್ಯಾಕ್ಟರಿನ ಸದ್ದು. ಮುಕ್ಕುಂದದಿಂದ ಹೊಸ ಭತ್ತ ತುಂಬಿಕೊಂಡು ಮಿಲ್ಲಿಗೆ ಹೋಗಿದ್ದ ಗದ್ದೆಪ್ಪ, ಮಿಲ್ಲಿನಲ್ಲಿ ಜಾಗವಿಲ್ಲದೆ ತಿರುಗಿ ಮನೆಗೆ ಬಂದಿದ್ದ. ಮೇಲೆ ಹೊದಿಸಿದ್ದ ತಾಡಪತ್ರಿ ಗಾಳಿಗೆ ಎದ್ದು ಪಟಪಟ ಬಡಿದುಕೊಳ್ಳುತ್ತಿತ್ತು. ದೊಡ್ಡ ದೊಡ್ಡ ಹನಿ ಬೀಳತೊಡಗಿದವು.

“ಖೋಲಿ ಬಾಗಿಲು ತೆರಿರೋ! ನೆಲ್ಲು ತೊಯ್ತಾವ!”

ಬಾಗಿಲು ತೆರೆದೇ ಇತ್ತು. ಆದರೆ ಆದಪ್ಪ ಬಾಗಿಲ ನಡುವೆ ನಿಂತಿದ್ದ. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಮುಂದೆ ಬಂದು ನಿಂತರು.

“ಅಣ್ಣಾ, ಖೋಲಿ ನಂದು ಅಂದಿದ್ದಿ.”

“ಖೋಲಿ ನಿಂದ ಐತಿ, ಮಳಿ ನಿಂದಲ್ಲ! ಸರೀ ಆ ಕಡೆ!”

ಆದಪ್ಪ ಸರಿದ. ಹಮಾಲರು ತಿಕ್ಕಿದ ಕಲ್ಲಿನ ಮೇಲೆ ಕೆಸರುಗಾಲಿಡುತ್ತ ಒಳನುಗ್ಗಿದರು. ಮೊದಲ ಚೀಲಗಳು ಹಿಂದಿನ ಗೋಡೆಗೆ ಬಿದ್ದವು. ದುಡುಮ್. ದುಡುಮ್. ಆದಪ್ಪ ಮೂಲೆಯಲ್ಲಿ ಮುಖ ತಿರುಗಿಸಿ ನಿಂತ. ಮುಗಿಯಿತು. ಖೋಲಿ ಮತ್ತೆ ನೆಲ್ಲಿಗೆ ಹೋಯಿತು. ಹಾಡು ನಿಲ್ಲಿಸಬೇಕೆಂದರೂ ಗುಂಡಿಯ ಹತ್ತಿರ ಹೋಗಲು ದಾರಿಯಿಲ್ಲ.

ಹಿಂದಿನ ಗೋಡೆ ಎದೆಮಟ್ಟಕ್ಕೆ ತುಂಬಿತು. ಆದಪ್ಪ ತಲೆಯೆತ್ತಿದ. ಏನೋ ಕಡಿಮೆಯಾಗಿತ್ತು. ಹಾಡುಗಾರರ ಗುಂಪಿನಲ್ಲಿ ಒಬ್ಬ ಎದ್ದು ಹೋಗಿದ್ದ.

ಎಡಗೋಡೆಗೆ ಚೀಲಗಳು ಬಿದ್ದವು. ಇನ್ನೊಬ್ಬ ಎದ್ದು ಹೋದ. ಹಮಾಲರು ಒಳಗೆ ಬರುತ್ತಿದ್ದರು, ಒಳಗಿದ್ದ ಸುಳ್ಳು ಹಾಡುಗಾರರು ಒಬ್ಬೊಬ್ಬರೇ ಹೊರಗೆ ಹೋಗುತ್ತಿದ್ದರು. ಬಾವಿಯ ತಳ ಮೇಲೆ ಮೇಲೆ ಬಂತು. ಮೌಲಾಹುಸೇನ ಪೆಟ್ಟಿಗೆಯ ಹಿಂದಿನಿಂದ ತಲೆ ಹೊರಗೆ ಹಾಕಿ, ಕೈಯಲ್ಲಿದ್ದ ಸ್ಕ್ರೂ ಡ್ರೈವರನ್ನು ನೋಡಿದ, ತಾನೇ ಏನೋ ಮಾಡಿದೆನೆಂಬಂತೆ. ಬಲಗೋಡೆ ಅರ್ಧ ತುಂಬುವ ಹೊತ್ತಿಗೆ ಒಬ್ಬನೇ ಉಳಿದಿದ್ದ. ಅವನು ಎದುರಿಗೆ ಬಂದು ಕೂತು, ಸಾವಕಾಶ ಉಸಿರೆಳೆದುಕೊಂಡ.

ಹಮಾಲರ ಜೊತೆ ಕೈಜೋಡಿಸಿ ತಾನೂ ಚೀಲ ಹೊತ್ತುತಂದ ಗದ್ದೆಪ್ಪ, ಬೆನ್ನ ಮೇಲಿನ ಚೀಲ ಇಳಿಸುವುದನ್ನು ಮರೆತು ಅಲ್ಲೇ ನಿಂತ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಲೇ,” ಎಂದ, ಜೀವನದಲ್ಲಿ ಮೊದಲ ಸಲ ಮೆಲ್ಲಗೆ. “ಬಂದಾನಲೇ. ಆತ ಬಂದಾನ!”

ಮೌಲಾಹುಸೇನ ಹಣೆ ಹಣೆ ಚಚ್ಚಿಕೊಂಡ. “ಗಾದಿ! ಆದಪ್ಪಣ್ಣ, ಗಾದಿರೀ! ನಮ್ಮ ಅಂಗಡ್ಯಾಗ ಗಾದಿ, ನಿಮ್ಮ ಮನ್ಯಾಗ ನೆಲ್ಲು! ಗುಂಯ್ ಅನ್ನೋದನ್ನ ಅವ ನುಂಗ್ತಾವ! ನೀವು ಖೋಲಿ ಬೋಳು ಮಾಡಿ ಕುಂತ್ರಿ, ನಾ ಬಾಕ್ಸು ಬಿಚ್ಚಿ ಬಿಚ್ಚಿ ಸತ್ತೆ!”

ಆದಪ್ಪ ನಗತೊಡಗಿದ. ತಡೆಯಲು ನೋಡಿದ, ಆಗಲಿಲ್ಲ. ತೊಯ್ದ ಚೀಲಕ್ಕೆ ಆತು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಸದ್ದು ಯಾವುದೆಂದು ಗೊತ್ತಾಗದೆ ಅಮರಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಗಂಡ ನಗುವುದನ್ನು ನೋಡಿ, “ಇವರಿಗೇನಾತು ಭಾವನೋರೆ, ಸಿಡ್ಲು ಬಡೀತೇನು?” ಎಂದಳು.

ಮರುದಿನ ಬೆಳಿಗ್ಗೆ ಬಿಸಿಲು ಬಿತ್ತು. ಗದ್ದೆಪ್ಪ ಟ್ರ್ಯಾಕ್ಟರು ಹಿಂದಕ್ಕೆ ತಂದು ಖೋಲಿಯ ಬಾಗಿಲಿಗೆ ಹಚ್ಚಿದ.

“ಹಾಡು ಎದುರಿಗೆ ಬಂತು, ನೀ ಗೆದ್ದಿ. ಮಾತಂದ್ರ ಮಾತು. ನಿನ್ನ ಖೋಲಿ ಖಾಲಿ ಮಾಡಿಕೊಡ್ತೀನಿ.”

“ಬ್ಯಾಡಣ್ಣ. ಇರ್ಲಿ.”

“ಏನು ಇರ್ಲಿ?”

“ನೆಲ್ಲು.”

ಗದ್ದೆಪ್ಪ ಟ್ರ್ಯಾಕ್ಟರಿನ ಮೇಲಿನಿಂದಲೇ ಅಮರಮ್ಮನಿಗೆ ಕೂಗಿದ: “ಕೇಳಿದೇನವಾ? ನೆಲ್ಲು ತೆಗಿ, ಖೋಲಿ ಕೊಡು ಅಂತ ಬಾಗಿಲಾಗ ಅಡ್ಡ ನಿಂತಿದ್ದ ನಿನ್ನಿ. ಇವತ್ತ ಮುಟ್ಟಬ್ಯಾಡ ಅಂತಾನ. ಇಷ್ಟು ಓದಿಸಿದ್ದು ನಂದ ತಪ್ಪು!” ಹಾಗೆಂದು ತಾನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಆದಪ್ಪನಿಗೆ ಇನ್ನೊಂದು ಚಿಂತೆ ಉಳಿದಿತ್ತು. ಖೋಲಿಯ ತಪ್ಪಿಗೆ ಚಾಂದ್‌ಪಾಷಾನ ಸ್ಪೀಕರುಗಳನ್ನು ವಾಪಸು ಕಳಿಸಿದ್ದ. ಈಗ ಯಾವುದು ಒಳ್ಳೆಯದು? ಒಂದನ್ನು ಡಿಸೆಂಬರಿನ ಚೀಲಗಳ ನಡುವೆ ಕೇಳಿದ್ದ, ಇನ್ನೊಂದನ್ನು ಮೇ ತಿಂಗಳ ಚೀಲಗಳ ನಡುವೆ. ಎರಡನ್ನೂ ಒಟ್ಟಿಗೆ ಕೇಳದೆ ಆರಿಸುವುದು ಸರಿಯಲ್ಲ ಅನ್ನಿಸಿತು. ಲಿಂಗಸುಗೂರಿಗೆ ಹೇಳಿ ಕಳಿಸಿದ. ರವಿವಾರ ಚಾಂದ್‌ಪಾಷಾ ಇಸ್ತ್ರಿ ಮಾಡಿದ ಪೈಜಾಮ ಹಾಕಿಕೊಂಡು, ಅತ್ತರು ಪೂಸಿಕೊಂಡು, ತನ್ನ ಸ್ಪೀಕರುಗಳೊಂದಿಗೆ ಬಸ್ಸಿಳಿದ. ಮಸ್ಕಿಯಿಂದ ಮೌಲಾಹುಸೇನನೂ ಬಂದ.

“ಏನು ಚಾಂದ್ ಚಾಚಾ, ಅತ್ತರು ಹಚ್ಚಿದ್ರ ನಿಮ್ಮ ಬಾಕ್ಸು ಚಲೋ ಹಾಡ್ತಾವೇನು?”

“ನೀನೂ ಹಚ್ಕೋ ಬೇಟಾ. ನಿನ್ನ ಬಾಕ್ಸು ಇನ್ನೂ ಯಾರದೋ ಮನಿ ಬಾಗಲಾ ವಾಸನಿ ಹೊಡೀತಾವ.”

ಎರಡು ಜೊತೆಗಳನ್ನೂ ಚೀಲಗಳ ಮೇಲೆ ಅಕ್ಕಪಕ್ಕ ಇಟ್ಟರು. ಒಂದೇ ಹಾಡು, ತಂತಿ ಬದಲಿಸಿ ಒಮ್ಮೆ ಇದು, ಒಮ್ಮೆ ಅದು. ಗದ್ದೆಪ್ಪ ಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಪಂಚಾಯತಿಗೆ ಕೂತವನಂತೆ ಕೂತಿದ್ದ. ಚಾಂದ್‌ಪಾಷಾನವು ಹಾಡಿದಾಗ, “ಇವ! ಇವು ಖಣಖಣ ಅಂತಾವ” ಎಂದ. ಅಮರಮ್ಮ ಅಡುಗೆಮನೆಗೆ ಹೋಗಿ ಕೇಳಿ ಬಂದು, “ಅಲ್ಲಿಗೂ ಅವ ಕೇಳ್ತಾವ” ಎಂದಳು. ಮೌಲಾಹುಸೇನ ಉಗುರು ಕಚ್ಚಿಕೊಂಡು ನೆಲ ನೋಡಿದ.

ಆದಪ್ಪ ಹಾಡನ್ನು ಕೇಳುತ್ತಲೇ ಇರಲಿಲ್ಲ. ಹಾಡು ನಿಲ್ಲುವ ಜಾಗಗಳಿಗೆ ಕಾಯುತ್ತಿದ್ದ. ಹಾಡುಗಾರ ಒಂದು ಕಡೆ ಏರಿ ಏರಿ ಹೋಗಿ, ಥಟ್ಟನೆ ನಿಂತು, ಬಹಳ ಹೊತ್ತು ಸುಮ್ಮನಿರುತ್ತಿದ್ದ. ಆ ಜಾಗದಲ್ಲಿ ಚಾಂದ್‌ಪಾಷಾನ ಸ್ಪೀಕರುಗಳಿಂದ ಕ್ಯಾಸೆಟ್ಟು ಸುಯ್ ಎನ್ನುವುದು ಕೇಳುತ್ತಿತ್ತು, ಕಾದ ಹಂಚಿನ ಮೇಲೆ ನೀರು ಬಿದ್ದ ಹಾಗೆ. ತಂತಿ ಬದಲಿಸಿದರು. ಮೌಲಾಹುಸೇನನವುಗಳಲ್ಲಿ ಹಾಡು ನಿಂತಿತು. ತಂಬೂರಿ ಒಂದಿಷ್ಟು ದೂರ ನಡೆದು ಹೋಯಿತು. ಆಮೇಲೆ ಏನೂ ಇರಲಿಲ್ಲ.

“ಇನ್ನೊಮ್ಮೆ ಹಚ್ರಿ, ಅದ ಜಾಗ” ಎಂದ ಆದಪ್ಪ. “ಹಾಡಿದ್ದು ಕೇಳಬ್ಯಾಡ್ರಿ. ನಿಂತಿದ್ದು ಕೇಳ್ರಿ.”

ಎಲ್ಲರೂ ಕೇಳಿದರು. ಎರಡನ್ನೂ ಕೇಳಿದರು. ಮೊದಲು ಮಾತಾಡಿದವನು ಚಾಂದ್‌ಪಾಷಾ. ಅವನು ಮೌಲಾಹುಸೇನನ ಬೆನ್ನಿಗೆ ಒಂದು ಗುದ್ದು ಕೊಟ್ಟು, “ನನ್ನವು ಚಲೋ ಮಾತಾಡ್ತಾವ. ಈ ಹರಾಮಿವು ಚಲೋ ಸುಮ್ಮನಿರ್ತಾವ. ಆದಪ್ಪನೋರಿಗೆ ಇವ ಜೋಡಿ ಬಿಡ್ರಿ, ಮಾತಾಡೋರು ಅವರಿಗೆ ಆಗಿ ಬರಂಗಿಲ್ಲ” ಎಂದ.

“ಹಂಗಂದ್ರ ಮಾತಾಡೋವು ನನಗಿರ್ಲಿ,” ಎಂದ ಗದ್ದೆಪ್ಪ. “ಟ್ರ್ಯಾಕ್ಟರಿಗೆ ಕಟ್ಟಸ್ತೀನಿ. ಮುಕ್ಕುಂದದ ಮಂದಿಗೆ ನಾ ಬರೋದು ಊರ ಹೊರಗಿಂದ ಗೊತ್ತಾಗ್ಬೇಕು.”

“ನೀವು ಬಾಯಿ ತೆಗೆದ್ರ ಈಗೂ ಗೊತ್ತಾಗ್ತೈತಲ್ರಿ ಭಾವನೋರೆ” ಎಂದಳು ಅಮರಮ್ಮ. ಆ ದಿನ ಹೋಳಿಗೆ ಉಂಡು ಇಬ್ಬರು ವ್ಯಾಪಾರಿಗಳೂ ಒಂದೇ ಬಸ್ಸಿನಲ್ಲಿ ಹೋದರು.

ಖೋಲಿ ಆದಪ್ಪನದಾಯಿತು. ಆದರೆ ಅದರಲ್ಲಿ ಇದ್ದದ್ದು ಅಣ್ಣನ ಭತ್ತ. ಭತ್ತ ನೋಡುವ ನೆಪದಲ್ಲಿ ಗದ್ದೆಪ್ಪ ಪ್ರತಿ ಸಂಜೆ ಹೊಲದಿಂದ ಬಂದವನೇ ಕೈಕಾಲು ತೊಳೆದು ಒಳಗೆ ಬರುತ್ತಿದ್ದ. ತಾನೊಬ್ಬನೇ ಬರುವ ಪೈಕಿಯವನಲ್ಲ. ಒಮ್ಮೆ ಮಿಲ್ಲಿನ ನರಸಣ್ಣ, ಒಮ್ಮೆ ಹಮಾಲರು, ಒಮ್ಮೆ ಬಾಜೂ ಮನೆಯವರು. ಎಲ್ಲರೂ ಚೀಲಗಳನ್ನು ಹತ್ತಿ ಕೂರುತ್ತಿದ್ದರು. ಮೊದಮೊದಲು ಆದಪ್ಪನಿಗೆ ಮೈ ಉರಿಯುತ್ತಿತ್ತು. ಹಾಡುಗಾರ ಏರಿ ಏರಿ ಹೋಗಿ ನಿಂತ ಜಾಗದಲ್ಲೇ ಗದ್ದೆಪ್ಪ, “ಶಹಬ್ಬಾಸ್ ಮಗನ!” ಎಂದು ತೊಡೆ ತಟ್ಟುತ್ತಿದ್ದ. ಆದಪ್ಪ ಕಣ್ಣು ಮುಚ್ಚಿ ಹಲ್ಲು ಕಚ್ಚುತ್ತಿದ್ದ.

ಒಂದು ಸಂಜೆ ಆ ಜಾಗ ಬಂತು. ಶಹಬ್ಬಾಸ್ ಬರಲಿಲ್ಲ. ಆದಪ್ಪ ಕಣ್ಣು ತೆರೆದು ನೋಡಿದ. ಗದ್ದೆಪ್ಪ ಕೈ ಎತ್ತಿದ್ದವನು ಹಾಗೆಯೇ ತಡೆದು, ಉಸಿರು ಬಿಗಿಹಿಡಿದು ಕೂತಿದ್ದ. ಚೀಲಗಳ ಮೇಲಿದ್ದ ಯಾರೂ ಅಲುಗಲಿಲ್ಲ. ಲೆಕ್ಚರರ ಮನೆಯ ಖೋಲಿಯಲ್ಲಿ ಕೇಳಿದ ಮೌನವೇ ಬೇರೆ, ಇದೇ ಬೇರೆ. ಇದರಲ್ಲಿ ತೂಕವಿತ್ತು. ಹಾಡುಗಾರ ಮತ್ತೆ ಬಾಯಿ ತೆರೆದಾಗ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು.

ರೇಟು ಬಂದ ಮೇಲೆ ಭತ್ತ ಮಿಲ್ಲಿಗೆ ಹೋಯಿತು. ಖೋಲಿ ಮತ್ತೆ ಬೋಳಾಯಿತು. ಗದ್ದೆಪ್ಪ ಎದೆಗುಂದಲಿಲ್ಲ. “ಒಂದು ಚೀಲಕ್ಕ ಒಬ್ಬ ಮನಿಷ್ಯಾ” ಎಂದು, ಮನೆಯ ಕೌದಿಗಳನ್ನೆಲ್ಲ ಹಾಸಿಸಿ, ಬೀದಿಯಲ್ಲಿ ಸಿಕ್ಕವರನ್ನೆಲ್ಲ ಕರೆತಂದು ಗೋಡೆಗುಂಟ ಕೂಡಿಸಿದ. ದಪ್ಪಗಿದ್ದ ನರಸಣ್ಣನಿಗೆ ಮೂಲೆಯ ಜಾಗ ಕಾಯಂ ಆಯಿತು. “ಈತ ಎರಡು ಚೀಲದ ಲೆಕ್ಕ” ಎಂದ ಗದ್ದೆಪ್ಪ. ಹಾಡುಗಾರ ಪೂರಾ ಎದುರಿಗೆ ಬರದಿದ್ದರೂ ಹೊಸ್ತಿಲ ತನಕ ಬರುತ್ತಿದ್ದ.

ಶ್ರಾವಣದ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಅಮರಮ್ಮ ತವರಿಗೆ ಹೋಗಿದ್ದಳು. ಗದ್ದೆಪ್ಪ ನಾಟಿ ನೋಡಲು ಮುಕ್ಕುಂದಕ್ಕೆ ಹೋಗಿದ್ದ. ಸೊಸೈಟಿಗೆ ರಜೆ.

ಆದಪ್ಪ ಖೋಲಿಗೆ ಹೋಗಿ ಬಾಗಿಲು ಮುಚ್ಚಿಕೊಂಡ. ಅಟ್ಟದ ಮೇಲಿದ್ದ ಹಳೆ ಗೋಣಿಗಳನ್ನೂ ಎರಡು ಗಾದಿಗಳನ್ನೂ ತಂದು ಗೋಡೆಗೆ ಆನಿಸಿದ. ಕ್ಯಾಸೆಟ್ಟು ಹಾಕಿದ. ಎದುರಿಗೆ ಕೂತ. ಒಳಗೆ ತಾನು, ಹಾಡು. ಬೇರೆ ಯಾರೂ ಇಲ್ಲ. ಇಷ್ಟು ವರ್ಷ ಬೇಕೆಂದದ್ದು ಇದೇ. ಗುಂಡಿಯ ಮೇಲೆ ಬೆರಳಿಟ್ಟ.

ಆದರೆ ಒತ್ತಲಿಲ್ಲ. ಆಮೇಲೆ ಅವನು ಎದ್ದು, ಬಾಗಿಲು ತೆರೆದು, ಹೊಸ್ತಿಲ ಮೇಲೆ ಹೋಗಿ ಕೂತ. ಬೀದಿ ಖಾಲಿ ಇತ್ತು. ನೆರಳು ಎದುರಿನ ಗೋಡೆ ಹತ್ತುವವರೆಗೂ ಹಾಗೇ ಕೂತಿದ್ದ.

ದೂರದ ತಿರುವಿನಲ್ಲಿ, ಅಣ್ಣ ಟ್ರ್ಯಾಕ್ಟರಿಗೆ ಕಟ್ಟಿಸಿದ್ದ ಚಾಂದ್‌ಪಾಷಾನ ಸ್ಪೀಕರುಗಳು ಖಣಖಣ ಎನ್ನುವುದು ಕೇಳಿಸಿತು. ಅದರ ಹಿಂದೆ ಟ್ರ್ಯಾಕ್ಟರು ಬಂತು. ಗದ್ದೆಪ್ಪ ಇಳಿದು, ಕೈಕಾಲಿನ ಕೆಸರು ತೊಳೆದು, ಟವಲಿನಿಂದ ಮುಖ ಒರೆಸಿಕೊಳ್ಳುತ್ತ ಬಂದ.

“ಯಾಕಲೇ, ಹಾಡು ಹಚ್ಚಿಲ್ಲ? ರಜಾ ಐತಿ, ಮನ್ಯಾಗ ಯಾರೂ ಇಲ್ಲ. ಆರಾಮ ಕೇಳಬೇಕಿಲ್ಲೇನು?”

“ಕರೆಂಟ್ ಇದ್ದಿಲ್ಲ.”

ಗದ್ದೆಪ್ಪ ಖೋಲಿಯೊಳಗೆ ಇಣುಕಿದ. ಫ್ಯಾನು ತಿರುಗುತ್ತಿತ್ತು. ಅದನ್ನೊಮ್ಮೆ ನೋಡಿದ, ತಮ್ಮನನ್ನೊಮ್ಮೆ ನೋಡಿದ. ಒಳಗೆ ಹೋಗಿ, ಗಾದಿಗೆ ಬೆನ್ನು ಕೊಟ್ಟು ಕೂತು, ಟವಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡ.

“ಈಗ ಬಂದೈತಿ. ಹಚ್ಚು.”

ಆದಪ್ಪ ಗುಂಡಿ ಒತ್ತಿದ. ತಂಬೂರಿ ಶುರುವಾಯಿತು. ಅಣ್ಣ ಬರಲೆಂದು ಕಾಯುತ್ತ ಕೂತಿದ್ದೆ ಎಂದು ಅವನು ಅಂದೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.